ಮುದ್ದೆ ತೊಳಸಲು ಎಷ್ಟು ಎತ್ತರದ ಕಟ್ಟೆ?

ಕಳವಾರ ಬೆಟ್ಟದ ತಪ್ಪಲಿನಿಂದ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳವರೆಗೆ ಹರಡಿರುವುದು ರಾಗಿಯ ಸೀಮೆ. ಇಲ್ಲಿನ ಹಳೆಯ ಅಡಿಗೆ ಮನೆ ಏಕೆ ಹಾಗಿತ್ತು ಎಂಬುದನ್ನು ಅರಿಯಬೇಕಾದರೆ ಮುದ್ದೆಯಿಂದಲೇ ಆರಂಭಿಸಬೇಕು.

ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲು ಕೊಟ್ಟು ಕಾಲಿನಿಂದ ಅದುಮಿ ಹಿಡಿದು, ಕೋಲಿನಿಂದ ತೊಳಸುವುದು ವಾಡಿಕೆ. ಗಂಟಿಲ್ಲದ ಮುದ್ದೆಗೆ ಮೈಭಾರವೆಲ್ಲ ಕೋಲಿನ ಮೇಲೆ ಬೀಳಬೇಕು. ಅದಕ್ಕೆ ಪಾತ್ರೆ ತಗ್ಗಿನಲ್ಲಿರಬೇಕು. ನೆಲದ ಒಲೆ, ನೆಲದಲ್ಲೇ ಹೂತ ಒರಳು ಕುಳಿತು ಮಾಡುವ ಕೆಲಸಕ್ಕೆ ತಕ್ಕ ಏರ್ಪಾಡಾಗಿದ್ದವು.

ಆ ಅಡಿಗೆ ಮನೆಯ ದೊಡ್ಡ ದೋಷ ಹೊಗೆ. ಬೆಳಕಿಂಡಿಯೊಂದರಿಂದ ಅದು ಹೋಗುತ್ತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮೂರು ಪಾತ್ರೆಗಳ, ಹೊಗೆ ಕೊಳವೆಯ ಒಲೆಯನ್ನು ರೂಪಿಸಿದ್ದು ಸೌದೆ ಉಳಿಸಿ ಹೊಗೆಯನ್ನು ಹೊರಹಾಕಲೆಂದೇ.

ನಿಂತು ಅಡಿಗೆ ಮಾಡುವ ಕಟ್ಟೆ ನಮ್ಮಲ್ಲಿ ವ್ಯಾಪಕವಾದದ್ದು ಗ್ಯಾಸ್ ಒಲೆಯೊಂದಿಗೆ. ಹೆಜ್ಜೆ ಉಳಿಸುವ ಅಡಿಗೆ ಮನೆಯ ಲೆಕ್ಕಾಚಾರ ಯೂರೋಪಿನಲ್ಲಿ ಅದಕ್ಕೂ ಹಳೆಯದು. ವಾಸ್ತುಶಿಲ್ಪಿ ಮಾರ್ಗರೆಟೆ ಷೂಟೆ-ಲಿಹೋಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡಿಗೆ ಮನೆಯನ್ನು ಯೋಜಿಸಿದರು. ಒಲೆ, ನೀರು, ದಿನಸಿ ಎಲ್ಲವೂ ಕೆಲವೇ ಹೆಜ್ಜೆಗಳಲ್ಲಿ ಸಿಗಬೇಕೆಂಬುದು ಅದರ ತತ್ವ. ಈ ತತ್ವ ನಮಗೂ ಒಪ್ಪುವಂಥದ್ದೇ. ಆದರೆ ಅಲ್ಲಿನವರು ಮುದ್ದೆ ತೊಳಸಬೇಕಾಗಿರಲಿಲ್ಲ.

ತರಕಾರಿ ಹೆಚ್ಚಲು ಕಟ್ಟೆ ಮೊಣಕೈಗಿಂತ ಮೂರು-ನಾಲ್ಕು ಅಂಗುಲ ಕೆಳಗಿದ್ದರೆ ಹಿತ. ಐದು ಅಡಿ ಎತ್ತರದವರಿಗೆ ಇದು ಸುಮಾರು 34 ಅಂಗುಲ. ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ ಏರಿದರೆ ಕೋಲು ಹಿಡಿದ ಕೈ ಭುಜದ ಮಟ್ಟಕ್ಕೆ ಬರುತ್ತದೆ. ಆಗ ಮೈಭಾರದ ಬದಲು ರಟ್ಟೆಯೇ ದುಡಿಯಬೇಕು. ಇಲ್ಲವೇ ಕುದಿಯುವ ಪಾತ್ರೆ ಹಿಡಿದು ಜಾಗ ಹುಡುಕಿಕೊಂಡು ಹೋಗಬೇಕು. ಮಕ್ಕಳು ಓಡಾಡುವ ಮನೆಯಲ್ಲಿ ಇದು ಅಪಾಯ.

ಪರಿಹಾರ ದುಬಾರಿಯಲ್ಲ. ಒಲೆಯ ಪಕ್ಕದಲ್ಲೇ, ಓಡಾಟದ ದಾರಿಗೆ ಅಡ್ಡವಾಗದಂತೆ, ಮೂರು ಅಡಿ ಚದರ ನೆಲವನ್ನು ಖಾಲಿ ಬಿಟ್ಟರೆ ಸಾಕು. ಒಲೆ ಇಡುವ ಭಾಗದ ಕಟ್ಟೆಯನ್ನು ಉಳಿದ ಭಾಗಕ್ಕಿಂತ ನಾಲ್ಕಾರು ಅಂಗುಲ ತಗ್ಗಿಸಬಹುದು. ಒಲೆಯ ಬಳಿ ಕಿಟಕಿ ಇರಲಿ.

ಚಪ್ಪಡಿ ಕೂರಿಸಿದ ಮೇಲೆ ಎತ್ತರ ಬದಲಿಸುವುದು ಕಷ್ಟ. ಆದ್ದರಿಂದ ಗೋಡೆಯ ಅಳತೆ ತೆಗೆಯುವ ದಿನವೇ ಆ ಮನೆಯಲ್ಲಿ ಅಡಿಗೆ ಮಾಡುವವರ ಮೊಣಕೈ ಅಳತೆಯನ್ನೂ ತೆಗೆದುಕೊಳ್ಳುವುದು ಒಳ್ಳೆಯದು.