ಹೂಳಿಗೆ ಸೋಲದ ಸರೋವರ

ಕಾರ್ಕಳದ ಆನೆಕೆರೆಯನ್ನೂ ಅದರ ನಡುವಣ ಬಸದಿಯನ್ನೂ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಬಲ್ಲರು. ಭೈರರಸರು ಆಳಿದ ಊರಿನ ಆ ಕೆರೆಯನ್ನು ನಾವು ಪುರಾತನವೆನ್ನುತ್ತೇವೆ. ಭೂವಿಜ್ಞಾನಿಯ ಲೆಕ್ಕದಲ್ಲಾದರೋ ಕೆಲವು ನೂರು ವರ್ಷಗಳೆಂದರೆ ಕಣ್ಣೆವೆಯಿಕ್ಕುವಷ್ಟು ಹೊತ್ತು. ಸರೋವರಗಳಿಗೂ ಹುಟ್ಟುಸಾವುಗಳುಂಟು. ಹೊಳೆಗಳು ತರುವ ಹೂಳು ತಳದಲ್ಲಿ ನೆಲೆಸುತ್ತ ಬಂದು, ಕಡೆಗೆ ನೀರಿದ್ದೆಡೆ ಬಯಲಾಗುತ್ತದೆ. ಲೋಕದ ಬಹುತೇಕ ಸರೋವರಗಳ ಆಯುಸ್ಸು ಕೆಲವು ಸಾವಿರದಿಂದ ಹತ್ತಾರು ಸಾವಿರ ವರ್ಷಗಳು ಮಾತ್ರ.

ಹಾಗಿದ್ದರೆ ಸೈಬೀರಿಯದ ಬೈಕಲ್ ಸರೋವರವು ಸುಮಾರು 2.5 ಕೋಟಿ ವರ್ಷಗಳಿಂದ ಬದುಕಿರುವುದು ಹೇಗೆ? ಅಲ್ಲಿ ಭೂಮಿಯ ಹೊರಪದರವು ಸೀಳಿ, ಇಬ್ಬದಿಗೂ ಮೆಲ್ಲಮೆಲ್ಲನೆ ಸರಿಯುತ್ತಿದೆ. ಹೂಳು ತುಂಬುತ್ತಿದ್ದಂತೆಯೇ ತಳವೂ ಕುಸಿಯುತ್ತದೆ. ಆದುದರಿಂದಲೇ ಹಲವು ಕಿಲೋಮೀಟರು ದಪ್ಪದ ಹೂಳಿನ ಮೇಲೆ ಇನ್ನೂ 1,642 ಮೀಟರು ಆಳದ ನೀರು ನಿಂತಿದೆ. ಕಾಪುವಿನ ದೀಪಸ್ತಂಭದೆದುರಿನ ಕಡಲಿನಲ್ಲಿ ಹತ್ತಾರು ಕಿಲೋಮೀಟರು ಸಾಗಿದರೂ ಆಳ ನೂರು ಮೀಟರನ್ನು ಮುಟ್ಟದು. ಕುದುರೆಮುಖ ಶಿಖರವನ್ನೇ ಬೈಕಲಿನಲ್ಲಿ ಇಳಿಸಿದೆವೆನ್ನಿ. ಸುಮಾರು 250 ಮೀಟರು ಮಾತ್ರ ಮೇಲೆ ಕಂಡೀತು! ಭೂಮಿಯ ಮೇಲ್ಮೈಯಲ್ಲಿ ಹೆಪ್ಪುಗಟ್ಟದೆ ಇರುವ ಸಿಹಿನೀರಿನಲ್ಲಿ ಸುಮಾರು ಐದನೆಯ ಒಂದು ಪಾಲು ಇದೊಂದರಲ್ಲೇ ಇದೆ.

ಇಷ್ಟು ಆಳದಲ್ಲಿ ಜೀವಿಗಳು ಉಸಿರಾಡುವುದೆಂತು? ಮೇಲ್ಭಾಗದ ತಣ್ಣೀರು ಆಗಾಗ ಕೆಳಗಿಳಿದು ಆಮ್ಲಜನಕವನ್ನು ತಳದವರೆಗೂ ಒಯ್ಯುತ್ತದೆ. ಅಲ್ಲಿರುವ ಎರಡು ಸಾವಿರಕ್ಕೂ ಮಿಕ್ಕ ಪ್ರಾಣಿಜಾತಿಗಳಲ್ಲಿ ಹೆಚ್ಚಿನವು ಬೇರೆಲ್ಲಿಯೂ ಇಲ್ಲ. ಸಿಹಿನೀರಿನಲ್ಲಿಯೇ ಬಾಳುವ ಏಕೈಕ ಸೀಲ್ ಜಾತಿಯಾದ ನೆರ್ಪಾ ಇಲ್ಲಿಯದು. ಗೊಲೊಮ್ಯಾಂಕ ಎಂಬ ಮೀನಿಗೆ ಈಜುಚೀಲವಿಲ್ಲ. ಮೈತುಂಬ ಇರುವ ಕೊಬ್ಬೇ ಅದನ್ನು ತೇಲಿಸುತ್ತದೆ. ಅದು ಮೊಟ್ಟೆಯಿಡದೆ ಮರಿಗಳನ್ನೇ ಈಯುತ್ತದೆ. ಎಪಿಶೂರ ಎಂಬ ಅಕ್ಕಿಕಾಳಿಗಿಂತಲೂ ಕಿರಿದಾದ ಜೀವಿಯು ಪಾಚಿಯನ್ನು ಸೋಸಿ ತಿಂದು ನೀರನ್ನು ತಿಳಿಯಾಗಿಡುತ್ತದೆ.

ಇಂತಹ ಸರೋವರವೂ ಅಪಾಯದಿಂದ ಪಾರಾಗಿಲ್ಲ. 1966ರಲ್ಲಿ ಅದರ ದಡದಲ್ಲಿ ಆರಂಭವಾದ ಕಾಗದದ ತಿರುಳಿನ ಕಾರ್ಖಾನೆಯು ದಶಕಗಳ ಕಾಲ ಕೊಳಕನ್ನು ನೀರಿಗೆ ಬಿಟ್ಟು, 2013ರಲ್ಲಿ ಮುಚ್ಚಿತು. ಊರುಗಳ ಚರಂಡಿನೀರು ಸೇರುವೆಡೆ ದಡಗಳಲ್ಲಿ ಪಾಚಿ ದಟ್ಟವಾಗಿ ಹಬ್ಬುತ್ತಿದೆ. ಬೈಕಲಿನ ನೀರು ಪೂರ್ತಿಯಾಗಿ ಬದಲಾಗಲು ಮುನ್ನೂರಕ್ಕೂ ಹೆಚ್ಚು ವರ್ಷಗಳು ಬೇಕು. ಇಂದು ಬೆರೆತ ವಿಷವು ಹತ್ತು ತಲೆಮಾರುಗಳನ್ನು ಕಾಡಬಲ್ಲುದು.

ಆನೆಕೆರೆಗಾಗಲಿ ಮಣಿಪಾಲದ ಮಣ್ಣಪಳ್ಳಕ್ಕಾಗಲಿ ತಾನಾಗಿ ಕುಸಿದು ಹೂಳಿಗೆ ಎಡೆಗೊಡುವ ತಳವಿಲ್ಲ. ಬೈಕಲಿಗೆ ಭೂಮಿಯೇ ಮಾಡಿಕೊಡುವ ಆ ಕೆಲಸವನ್ನು ಇಲ್ಲಿ ಊರಿನವರ ಕೈಗಳೇ ಮಾಡಬೇಕು.