ಪಾಪರ್ ಆಗುವ ಮೊದಲು ಕೈ ಬದಲಾದ ಆಸ್ತಿ

ಮೆಕ್ಕೆಜೋಳ, ಹತ್ತಿ, ಈರುಳ್ಳಿ ಉದ್ದರಿ ಕೊಟ್ಟು ಕಳಕೊಂಡವರು ನಮ್ಮಲ್ಲಿ ಬಹಳ ಜನ. ವ್ಯಾಪಾರಿ ಇವತ್ತು ನಾಳೆ ಅಂತ ದಿನ ತಳ್ಳುತ್ತಾನೆ. ಕೊನೆಗೆ ‘ಪಾಪರ್ ಆದೆ, ಕೈಯಲ್ಲಿ ಏನೂ ಇಲ್ಲ’ ಅಂತಾನೆ. ವಿಚಾರಿಸಿದರೆ ಮನೆ ಹೆಂಡತಿ ಹೆಸರಿಗೆ, ಗೋದಾಮು ಭಾಮೈದನ ಹೆಸರಿಗೆ ಆಗಿರುತ್ತದೆ. ಪತ್ರ ರಿಜಿಸ್ಟರ್ ಆಯ್ತಲ್ಲ, ಇನ್ನೇನು ಮಾಡೋದು ಅಂತ ನಾವು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬೇಕಿಲ್ಲ.

ಈ ಆಟ ಬಹಳ ಹಳೇದು. 1601ರಲ್ಲಿ ಇಂಗ್ಲೆಂಡಿನಲ್ಲಿ ಪಿಯರ್ಸ್ ಎಂಬ ರೈತನ ಆಸ್ತಿಯ ವಿಷಯದಲ್ಲಿ ಒಂದು ಮೊಕದ್ದಮೆ ನಡೆಯಿತು. ಅವನು ಟ್ವೈನ್ ಎಂಬುವನಿಗೆ 400 ಪೌಂಡ್, ಮತ್ತೊಬ್ಬನಿಗೆ 200 ಪೌಂಡ್ ಕೊಡಬೇಕಿತ್ತು. ಮತ್ತೊಬ್ಬ ಕೋರ್ಟಿಗೆ ಹೋದ. ಆಗ ಪಿಯರ್ಸ್ 300 ಪೌಂಡ್ ಬಾಳುವ ತನ್ನ ಸರಕೆಲ್ಲವನ್ನೂ ಗುಟ್ಟಾಗಿ ಟ್ವೈನನಿಗೆ ಬರೆದುಕೊಟ್ಟ. ಆದರೆ ಕುರಿಗಳು ಇವನ ಹತ್ತಿರವೇ ಉಳಿದವು. ಉಣ್ಣೆ ಕತ್ತರಿಸಿದವನು ಇವನೇ, ಗುರುತು ಹಾಕಿದವನೂ ಇವನೇ. ಕೋರ್ಟು ಇದು ಮೋಸ ಅಂತ ತೀರ್ಮಾನಿಸಿತು. ಟ್ವೈನನ ಸಾಲ ನಿಜವೇ ಆಗಿತ್ತು, ಆದರೂ ಪತ್ರ ನಿಲ್ಲಲಿಲ್ಲ.

ಕೋರ್ಟು ನೋಡಿದ ಲಕ್ಷಣಗಳು ಇವತ್ತಿಗೂ ಉಪಯೋಗಕ್ಕೆ ಬರುತ್ತವೆ: ಇದ್ದದ್ದೆಲ್ಲ ಬರೆದುಕೊಟ್ಟದ್ದು, ಗುಟ್ಟಾಗಿ ಮಾಡಿದ್ದು, ದಾವೆ ನಡೆಯುವಾಗಲೇ ಮಾಡಿದ್ದು, ಬರೆದುಕೊಟ್ಟ ಮೇಲೂ ತಾನೇ ಅನುಭವಿಸಿದ್ದು.

ನಮ್ಮಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಇದೆ. ಸಾಲ ಕೊಟ್ಟವರಿಗೆ ಕೈಕೊಡುವ ಉದ್ದೇಶದಿಂದ ಸ್ಥಿರಾಸ್ತಿ ವರ್ಗ ಮಾಡಿದ್ದರೆ ಅದನ್ನು ರದ್ದು ಮಾಡಿಸಬಹುದು. ದಾವೆಯನ್ನು ಸಾಲ ಬರಬೇಕಾದ ಎಲ್ಲರ ಪರವಾಗಿ ಹಾಕಬೇಕು. ಏನೂ ತಿಳಿಯದೆ, ತಕ್ಕ ಹಣ ಕೊಟ್ಟು ಕೊಂಡವನಿಗೆ ಮಾತ್ರ ರಕ್ಷಣೆ ಉಂಟು.

ಸಾಮಾನ್ಯ ವ್ಯಕ್ತಿ ಪಾಪರ್ ಆದರೆ 1920ರ ಪ್ರಾಂತೀಯ ದಿವಾಳಿ ಕಾಯ್ದೆ ನೋಡಬೇಕು. ದಿವಾಳಿ ಅರ್ಜಿಗೆ ಹಿಂದಿನ 2 ವರ್ಷದೊಳಗೆ ಪುಕ್ಕಟೆ ಕೊಟ್ಟ ಆಸ್ತಿಯನ್ನು ವಾಪಸು ತರಬಹುದು. ಹಿಂದಿನ 3 ತಿಂಗಳಲ್ಲಿ, ಉಳಿದವರನ್ನು ಬಿಟ್ಟು ಒಬ್ಬನಿಗೆ ಅನುಕೂಲ ಮಾಡಲೆಂದೇ ಸಾಲ ತೀರಿಸಿದ್ದರೆ ಅದೂ ನಿಲ್ಲದು. ಕಂಪೆನಿಗಳಿಗೆ 2016ರ ದಿವಾಳಿ ಸಂಹಿತೆ ಬೇರೆ ಇದೆ.

ಒಬ್ಬನಿಗೆ ಕೊಟ್ಟರೆ ತಪ್ಪೇನು ಅಂತ ಕೇಳಬಹುದು. ಕೆರೆಯಲ್ಲಿ ನೀರು ಕಡಿಮೆ ಇದ್ದಾಗ ನೀರುಗಂಟಿ ತನ್ನ ನೆಂಟನ ಗದ್ದೆಗೇ ತೂಬು ಎತ್ತಿದರೆ ಊರು ಒಪ್ಪುತ್ತದೆಯೇ? ಇಲ್ಲೂ ಹಾಗೇ. ಅಡಮಾನ ಪಡೆದವರ ಪಾಲು ಹೋಗಿ ಉಳಿದದ್ದು ಉಳಿದವರಿಗೆ ಬಾಕಿಯ ಪ್ರಮಾಣದಲ್ಲಿ ಹಂಚಿಕೆ ಆಗಬೇಕು.

ನಾವು ಮಾಡಬೇಕಾದ್ದು ಇಷ್ಟು. ತೂಕದ ಚೀಟಿ, ಲೆಕ್ಕದ ಚೀಟಿ ಜೋಪಾನ ಮಾಡಿ. ಅನುಮಾನ ಬಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಆಸ್ತಿಯ ಇ.ಸಿ. ತೆಗೆಸಿ, ಯಾವ ತಾರೀಕಿಗೆ ಯಾರ ಹೆಸರಿಗೆ ಹೋಯಿತು ಅಂತ ಗೊತ್ತಾಗುತ್ತದೆ. ಗಡುವು ಹೇಳದೆ ಕೊಟ್ಟ ಮಾಲಿನ ಹಣಕ್ಕೆ, ಮಾಲು ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಆಸ್ತಿ ಸಾಗಹಾಕುವ ಲಕ್ಷಣ ಕಂಡರೆ ತೀರ್ಪಿಗೆ ಮೊದಲೇ ಜಪ್ತಿ ಕೇಳಲು ಅವಕಾಶ ಇದೆ. ಹಣ ಬರಬೇಕಾದವರೆಲ್ಲ ಸೇರಿ ಒಬ್ಬ ವಕೀಲರನ್ನು ಹಿಡಿದರೆ ಖರ್ಚೂ ಕಡಿಮೆ.