ಗೋಗಿಯ ಯುರೇನಿಯಂ ಮತ್ತು ಆವರ್ತ ಕೋಷ್ಟಕ

ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ವಡಗೇರಾ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಶಹಾಬಾದ್ ಕಲ್ಲನ್ನು ಅರಿಯದವರಿಲ್ಲ. ಮನೆಯ ನೆಲಕ್ಕೆ ಹಾಸುವ ಈ ಕಲ್ಲು ಸುಣ್ಣಕಲ್ಲಿನ ಒಂದು ಬಗೆ. ಅದರ ಮುಖ್ಯ ಲೋಹಧಾತು ಕ್ಯಾಲ್ಸಿಯಂ. ಶಹಾಪುರ ತಾಲ್ಲೂಕಿನ ಗೋಗಿ ಗ್ರಾಮದ ಬಳಿ ಇಂತಹ ಸುಣ್ಣಕಲ್ಲಿನ ಪದರಗಳು ಬಿರುಕುಬಿಟ್ಟು ಜರುಗಿವೆ. ಆ ಬಿರುಕಿನ ಗುಂಟ, ಸುಣ್ಣಕಲ್ಲಿನಲ್ಲಿಯೂ ಅದರ ತಳದ ಗ್ರಾನೈಟಿನಲ್ಲಿಯೂ, ಯುರೇನಿಯಂ ಅದಿರು ಅಡಗಿರುವುದನ್ನು ಭೂವಿಜ್ಞಾನಿಗಳು ೧೯೯೦ರ ದಶಕದಲ್ಲಿ ಕಂಡುಕೊಂಡರು. ಅದಿರನ್ನು ಹೊರತೆಗೆದರೆ ಸುತ್ತಲಿನ ಬಾವಿಗಳ ನೀರಿನ ಗತಿಯೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರದ ಮೊದಲ ಸುಳಿವು ನಮ್ಮ ತರಗತಿಯ ಗೋಡೆಯ ಮೇಲೆ ತೂಗುವ ಆವರ್ತ ಕೋಷ್ಟಕದಲ್ಲಿಯೇ ಇದೆ.

ರಷ್ಯದ ಮೆಂಡಲೀಫನು ೧೮೬೯ರಲ್ಲಿ, ಆಗ ತಿಳಿದಿದ್ದ ೬೩ ಧಾತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿ ಗುಣಸಾಮ್ಯವುಳ್ಳವುಗಳನ್ನು ಗುಂಪುಮಾಡಿದನು. ಯುರೇನಿಯಮ್ಮಿನ ತೂಕ ಜನ ಭಾವಿಸಿದ್ದಂತೆ ೧೨೦ ಅಲ್ಲ, ೨೪೦ ಇರಬೇಕೆಂದು ಮುಂದೆ ತರ್ಕಿಸಿ, ಅದನ್ನು ಕ್ರೋಮಿಯಂ, ಮಾಲಿಬ್ಡಿನಂ, ಟಂಗ್‌ಸ್ಟನ್‌ಗಳ ಗುಂಪಿಗೆ ಸೇರಿಸಿದನು. ಆದರೆ ಗುಣಸಾಮ್ಯಕ್ಕೆ ಕಾರಣವೇನೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ.

ಕಾರಣವಿರುವುದು ಎಲೆಕ್ಟ್ರಾನುಗಳ ವ್ಯವಸ್ಥೆಯಲ್ಲಿ. ಸೂರ್ಯನನ್ನು ಗ್ರಹಗಳು ಸುತ್ತುವಂತೆ ಎಲೆಕ್ಟ್ರಾನು ಒಂದು ಗೆರೆಯ ಮೇಲೆ ಸುತ್ತುವುದಿಲ್ಲ. ಪರಮಾಣುಬೀಜದ ಸುತ್ತ ಅದು ಇರುವ ಸಂಭವ ಹೆಚ್ಚಾಗಿರುವ ಪ್ರದೇಶಕ್ಕೆ ಕಕ್ಷಕವೆಂದು ಹೆಸರು. ಒಂದು ಕಕ್ಷಕದಲ್ಲಿ ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳಿಗೆ ಎಡೆಯಿಲ್ಲ. ಎಸ್ ಬಗೆಯ ಕಕ್ಷಕ ಒಂದು, ಪಿ ಬಗೆಯವು ಮೂರು, ಡಿ ಬಗೆಯವು ಐದು, ಎಫ್ ಬಗೆಯವು ಏಳು. ಆದುದರಿಂದ ಅವುಗಳಲ್ಲಿ ಕ್ರಮವಾಗಿ ೨, ೬, ೧೦, ೧೪ ಎಲೆಕ್ಟ್ರಾನುಗಳು ಹಿಡಿಸುತ್ತವೆ. ಈಗ ಕೋಷ್ಟಕವನ್ನು ನೋಡಿರಿ: ಎಡಗಡೆ ೨ ಲಂಬಸಾಲು, ಬಲಗಡೆ ೬, ನಡುವೆ ೧೦, ಕೆಳಗೆ ಬೇರೆಯಾಗಿ ಬರೆದ ಎರಡು ಪಂಕ್ತಿಗಳಲ್ಲಿ ೧೪ ಸ್ಥಾನಗಳ ವಿಸ್ತಾರ. ಕೋಷ್ಟಕದ ಆಕಾರವೇ ಕಕ್ಷಕಗಳ ಲೆಕ್ಕ! ಹೊರಗಿನ ಎಲೆಕ್ಟ್ರಾನುಗಳ ವ್ಯವಸ್ಥೆ ಒಂದೇ ಬಗೆಯಾಗಿರುವ ಧಾತುಗಳು ಒಂದೇ ಲಂಬಸಾಲಿಗೆ ಬರುತ್ತವೆ.

ಹಾಗಾದರೆ ಯುರೇನಿಯಂ ಟಂಗ್‌ಸ್ಟನ್ನಿನ ಕೆಳಗೆ ಏಕಿಲ್ಲ? ಟಂಗ್‌ಸ್ಟನ್ನಿನಲ್ಲಿ ಸಂಯೋಗಕ್ಕೆ ಒದಗುವ ಎಲೆಕ್ಟ್ರಾನುಗಳು ಆರು: ನಾಲ್ಕು ಡಿ, ಎರಡು ಎಸ್. ಯುರೇನಿಯಮ್ಮಿನಲ್ಲಿಯೂ ಆರೇ, ಆದರೆ ಮೂರು ಎಫ್, ಒಂದು ಡಿ, ಎರಡು ಎಸ್. ಸಂಖ್ಯೆಯ ಸಾಮ್ಯವೇ ವಿದ್ವಾಂಸರನ್ನು ಬಹುಕಾಲ ಭ್ರಮೆಗೊಳಿಸಿತು. ೧೯೪೦ರಲ್ಲಿ ತಯಾರಿಸಲ್ಪಟ್ಟ ೯೩ನೆಯ ಧಾತು ನೆಪ್ಚೂನಿಯಂ, ಹಳೆಯ ಕೋಷ್ಟಕದಂತೆ ರೀನಿಯಮ್ಮನ್ನು ಹೋಲಬೇಕಾಗಿದ್ದಿತು. ಅದು ಹೋತುದು ಯುರೇನಿಯಮ್ಮನ್ನು. ಅಮೆರಿಕದ ಸೀಬೋರ್ಗ್ ೧೯೪೪ರಲ್ಲಿ, ಆಕ್ಟಿನಿಯಮ್ಮಿನಿಂದ ಮುಂದೆ ತುಂಬುತ್ತಿರುವುವು ಎಫ್ ಕಕ್ಷಕಗಳೆಂದು ಸೂಚಿಸಿ, ಯುರೇನಿಯಮ್ಮನ್ನು ಇಂದಿನ ಕೆಳಗಣ ಪಂಕ್ತಿಗೆ ಇಳಿಸಿದನು. ಈ ಸೂಚನೆಯ ಬಲದಿಂದಲೇ ೯೫ ಮತ್ತು ೯೬ನೆಯ ಧಾತುಗಳು ಕೈಗೆ ಸಿಕ್ಕಿದುವು.

ಇನ್ನು ಗೋಗಿಗೆ ಮರಳೋಣ. ಅದಿರಿನೊಳಗೆ ಯುರೇನಿಯಂ ಬಹುಮಟ್ಟಿಗೆ ನಾಲ್ಕು ಎಲೆಕ್ಟ್ರಾನುಗಳನ್ನು ಮಾತ್ರ ಬಿಟ್ಟುಕೊಟ್ಟ ಸ್ಥಿತಿಯಲ್ಲಿದ್ದು, ನೀರಿನಲ್ಲಿ ಸುಲಭವಾಗಿ ಕರಗದು. ಗಾಳಿ ಸೋಕಿದರೆ ಉಳಿದ ಎರಡನ್ನೂ ಬಿಟ್ಟುಕೊಟ್ಟು ಯುರೇನಿಲ್ ಅಯಾನಾಗುತ್ತದೆ. ಅದು ಸುಣ್ಣಕಲ್ಲಿನಿಂದ ಬಂದ ಕಾರ್ಬೊನೇಟಿನೊಡನೆ ಕೂಡಿ ನೀರಿನಲ್ಲಿ ಹರಿದಾಡಬಲ್ಲುದು. ದೇಹವನ್ನು ಹೊಕ್ಕರೆ ಮುಖ್ಯವಾಗಿ ಮೂತ್ರಪಿಂಡಕ್ಕೆ ಹಾನಿ. ಆದುದರಿಂದಲೇ ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ ೩೦ ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿದೆ.

ಯುರೇನಿಯಂ ಇದ್ದೆಡೆ, ಅದು ಕ್ಷಯಿಸುವುದರಿಂದ ಹುಟ್ಟುವ ರೇಡಿಯಮ್ಮೂ ಇರುತ್ತದೆ. ಅದರ ಸ್ವಭಾವವೇ ಬೇರೆ. ಹೊರಗಡೆ ಎರಡೇ ಎಸ್ ಎಲೆಕ್ಟ್ರಾನುಗಳುಳ್ಳ ಅದು ಕ್ಯಾಲ್ಸಿಯಂ, ಬೇರಿಯಮ್ಮುಗಳ ಲಂಬಸಾಲಿನದು. ೧೮೯೮ರಲ್ಲಿ ಕ್ಯೂರಿ ದಂಪತಿಗಳು ಅದಿರನ್ನು ಬೇರ್ಪಡಿಸುವಾಗ ರೇಡಿಯಂ ಬೇರಿಯಮ್ಮಿನ ಜೊತೆಯಲ್ಲಿಯೇ ಬಂದಿತು. ನಮ್ಮ ದೇಹವೂ ಅದನ್ನು ಕ್ಯಾಲ್ಸಿಯಮ್ಮೆಂದೇ ಬಗೆದು ಎಲುಬಿನಲ್ಲಿ ಕೂಡಿಡುತ್ತದೆ. ಅಲ್ಲಿಂದ ಅದು ವರ್ಷಾನುಗಟ್ಟಲೆ ವಿಕಿರಣವನ್ನು ಸೂಸುತ್ತಿರುತ್ತದೆ. ಶಹಾಬಾದ್ ಕಲ್ಲಿನ ಕ್ಯಾಲ್ಸಿಯಮ್ಮಿಗೂ ಗೋಗಿಯ ರೇಡಿಯಮ್ಮಿಗೂ ಇರುವ ನಂಟು ಇಂಥದು.

ಒಂದೇ ಅದಿರಿನ ಎರಡು ಧಾತುಗಳು. ಒಂದರ ಗುರಿ ಮೂತ್ರಪಿಂಡ, ಇನ್ನೊಂದರದು ಎಲುಬು. ಆದಕಾರಣ ನೀರಿನಲ್ಲಿ ಯುರೇನಿಯಂ ಕಡಮೆಯಿದೆಯೆಂಬ ವರದಿಯೊಂದೇ ರೇಡಿಯಮ್ಮಿನ ವಿಷಯದಲ್ಲಿ ಭರವಸೆ ಕೊಡಲಾರದು; ಎರಡನ್ನೂ ಬೇರೆಬೇರೆಯಾಗಿಯೇ ಅಳೆಯಬೇಕು. ವಿದ್ಯಾರ್ಥಿಗಳು ಆವರ್ತ ಕೋಷ್ಟಕವನ್ನು ಬಾಯಿಪಾಠಮಾಡಿದರೆ ಸಾಲದು. ತಮ್ಮೂರಿನ ಬಾವಿಯ ನೀರಿನ ಪರೀಕ್ಷಾ ವರದಿ ಕೈಗೆ ಬಂದಾಗ, ಅದರಲ್ಲಿ ಯಾವ ಯಾವ ಧಾತುಗಳ ಹೆಸರಿದೆ, ಯಾವುದರ ಹೆಸರು ಬಿಟ್ಟುಹೋಗಿದೆ ಎಂದು ಕೇಳಲು ಅದು ಅವರಿಗೆ ನೆರವಾಗಬೇಕು.